ಮುಳ್ಳು ಚುಚ್ಚಿಸಿಕೊಳ್ಳದೆ ಕ್ಯಾಕ್ಟಸ್ ಕುಂಡ ಬದಲಿಸುವುದು ಹೇಗೆ?

ದುಂಡಗಿನ, ಹಳದಿ ಮುಳ್ಳಿನ ಕ್ಯಾಕ್ಟಸ್ ಕುಂಡ ತುಂಬಿಕೊಂಡಿದೆ, ತೋಟದ ಗ್ಲೌಸ್ ಹಾಕಿದರೂ ಮುಳ್ಳು ಚುಚ್ಚುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನೀವು ಹೇಳಿದ್ದು ನೋಡಿದರೆ ಅದು ಗೋಲ್ಡನ್ ಬ್ಯಾರೆಲ್ ಇರಬೇಕು, ಮೆಕ್ಸಿಕೊ ಕಡೆಯ ಗಿಡ. ಅದರ ಮುಳ್ಳಿಗೆ ಬಟ್ಟೆ, ರಬ್ಬರ್ ಯಾವುದೂ ತಡೆಯಲ್ಲ. ವೆಲ್ಡಿಂಗ್‌ನವರು ಹಾಕುವ ಚರ್ಮದ ಗ್ಲೌಸ್ ಎಷ್ಟೋ ವಾಸಿ. ಆದರೆ ಅದನ್ನೂ ನಂಬಿಕೊಂಡು ನಾನು ಗಿಡಕ್ಕೆ ಕೈ ಹಾಕುವುದಿಲ್ಲ. ಗಿಡ ಮುಟ್ಟುವ ಸಂದರ್ಭವೇ ಬರದ ಹಾಗೆ ಕೆಲಸ ಮಾಡಬಹುದು.

ಮೊದಲು ನೀರು ನಿಲ್ಲಿಸಿ. ಮಣ್ಣು ತಳದವರೆಗೂ ಒಣಗಲಿ. ಒಣಗಿದ ಮಣ್ಣು ಕುಂಡದ ಗೋಡೆ ಬಿಡುತ್ತದೆ, ತೂಕವೂ ಇಳಿಯುತ್ತದೆ. ಹಸಿ ಮಣ್ಣಿನಲ್ಲಿ ಎಳೆದಾಡಿದರೆ ಬೇರು ಹರಿಯುತ್ತದೆ, ಜೊತೆಗೆ ನಿಮ್ಮ ಕೈಯೂ ಜಾರುತ್ತದೆ.

ಆಮೇಲೆ ಹಳೇ ನ್ಯೂಸ್‌ಪೇಪರನ್ನು ಹಲವು ಪದರ ಮಡಚಿ, ಮೂರು ಬೆರಳಗಲದ ಪಟ್ಟಿ ಮಾಡಿಕೊಳ್ಳಿ. ಗಿಡದ ಸುತ್ತ ಬಳಸಿ, ಎರಡೂ ತುದಿ ಸೇರಿಸಿ ಹಿಡಿದರೆ ಅದೇ ಹಿಡಿಕೆ. ಟವೆಲ್ ಬೇಡ, ಮುಳ್ಳು ಅದರ ಎಳೆಗಳಿಗೆ ಸಿಕ್ಕಿಕೊಂಡು ಮುರಿಯುತ್ತದೆ. ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ಮೆಲ್ಲಗೆ ತಟ್ಟಿ. ಈಗ ಗಿಡ ಎಳೆಯಬೇಡಿ, ಕುಂಡವನ್ನೇ ಹಿಂದಕ್ಕೆ ಎಳೆಯಿರಿ. ಬರದಿದ್ದರೆ ತಳದ ತೂತಿನಿಂದ ಪೆನ್ಸಿಲ್ ಹಾಕಿ ಒತ್ತಿ. ಮಣ್ಣಿನ ಕುಂಡಕ್ಕೆ ಬೇರು ಅಂಟಿಕೊಂಡುಬಿಟ್ಟಿದ್ದರೆ ಕುಂಡ ಒಡೆಯುವುದೇ ಮೇಲು.

ಬೇರಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ತೊಳೆದು ತೆಗೆಯಿರಿ. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ. ಹೊಸ ಕುಂಡ ಒಂದೆರಡು ಇಂಚು ಅಗಲ ಜಾಸ್ತಿ ಇದ್ದರೆ ಸಾಕು, ತುಂಬ ದೊಡ್ಡದಾದರೆ ಒಳಗೆ ತೇವ ಉಳಿದು ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಗೊಬ್ಬರ ಸೇರಿ ಅರ್ಧ. ಉಳಿದರ್ಧ ದಪ್ಪ ಮರಳು, ಇಟ್ಟಿಗೆ ಚೂರು. ಮೊದಲಿದ್ದ ಆಳಕ್ಕೇ ಕೂರಿಸಿ, ಚಮಚದಿಂದ ಮಣ್ಣು ತುಂಬಿ, ಕಡ್ಡಿಯಿಂದ ಅದುಮಿ.

ನೆಟ್ಟ ಕೂಡಲೇ ನೀರು ಹಾಕಬೇಡಿ! ಹರಿದ ಬೇರಿನ ಗಾಯ ಒಣಗಲು ಒಂದು ವಾರ ಬಿಡಿ. ಅಲ್ಲಿಯವರೆಗೆ ಬಿರುಬಿಸಿಲೂ ಬೇಡ. ನಮ್ಮ ಕಡೆ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಸುಮ್ನೆ ಕೆಣಕಬೇಡಿ.

ಮನೆಯಲ್ಲಿ ಮೊಲದ ಕಿವಿಯಂಥ ಚಪ್ಪಟೆ ಕಾಂಡಗಳಿರುವ ಪಾಪಾಸುಕಳ್ಳಿ ಇದ್ದರೆ ಮಾತ್ರ ಇನ್ನೂ ಹುಷಾರು. ನೋಡಲು ಮಖಮಲ್ಲು, ಆದರೆ ಒಂದೊಂದು ಚುಕ್ಕೆಯಲ್ಲೂ ಕೊಕ್ಕೆಯಿರುವ ಸಣ್ಣ ಮುಳ್ಳುಗಳ ಗೊಂಚಲಿರುತ್ತದೆ. ಕೈಗೆ ಹತ್ತಿದರೆ ಉಜ್ಜಬೇಡಿ, ಬಾಯಲ್ಲಿ ಕಚ್ಚಿ ಎಳೆಯಬೇಡಿ. ಚಿಮಟದಿಂದ ಸಿಕ್ಕಷ್ಟು ತೆಗೆದು, ಉಳಿದದ್ದರ ಮೇಲೆ ಫೆವಿಕಾಲ್ ತೆಳ್ಳಗೆ ಸವರಿ, ಬ್ಯಾಂಡೇಜ್ ಬಟ್ಟೆ ಅಂಟಿಸಿ, ಒಣಗಿದ ಮೇಲೆ ಕಿತ್ತರೆ ಬಹಳಷ್ಟು ಬರುತ್ತದೆ. ಕಣ್ಣಿಗೆ ಬಿದ್ದರೆ ನೇರ ಡಾಕ್ಟರ ಹತ್ತಿರ ಹೋಗಿ. ಆ ಗಿಡಕ್ಕೆ ಬಳಸಿದ ಬಟ್ಟೆ ಗ್ಲೌಸ್ ಎಸೆದುಬಿಡಿ, ಮನೆಯವರ ಬಟ್ಟೆ ಜೊತೆ ವಾಷಿಂಗ್ ಮಷೀನಿಗೆ ಹಾಕಲೇಬೇಡಿ.