ಅಡಿಯಿಂದ ಮುಡಿವರೆಗೆ ಕಬ್ಬಿಣ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳು ಬೆನರ್ಲಿ ಎಂಬ ಹಳೇ ರೈಲು ಸೇತುವೆಯ ಫೋಟೊ ಕಳಿಸಿದ್ದಾಳೆ. ರೈಲು ನಿಂತು ಎಷ್ಟೋ ಕಾಲವಾಗಿದೆಯಂತೆ. ಕಂಬಗಳೂ ಕಬ್ಬಿಣದವೇ! ಯಾಕೆ ಹೀಗೆ? ಗುಜರಿಗೆ ಹಾಕದೆ ಯಾಕೆ ಬಿಟ್ಟರು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ರೈಲ್ವೆಯ ಸೇತುವೆ ವಿಭಾಗದಲ್ಲೇ ಸರ್ವೀಸ್ ಮುಗಿಸಿ ಹಾಸನದಲ್ಲಿ ನೆಲೆಸಿದವನು ನಾನು. ಇಂಥ ಪ್ರಶ್ನೆ ಬಂದರೆ ಖುಷಿಯೋ ಖುಷಿ.

ಕಾರಣ ನೆಲದಡಿಯಲ್ಲಿದೆ. ನಾಟಿಂಗ್‌ಹ್ಯಾಮ್ ಬಳಿಯ ಎರೆವಾಶ್ ಕಣಿವೆ ಕಲ್ಲಿದ್ದಲು ಗಣಿಗಳ ಸೀಮೆ. ಗಣಿ ತೋಡಿದ ನೆಲ ಕುಸಿಯುತ್ತದೆ. ಇಟ್ಟಿಗೆ ಕಮಾನಿನ ಸೇತುವೆಯಾದರೆ ಭಾರ ಹೆಚ್ಚು, ಒಂದು ಕಂಬ ತುಸು ಕೂತರೂ ಕಮಾನು ಬಿರಿಯುತ್ತದೆ. ಅದಕ್ಕೇ 1876–77ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯವರು ಹಗುರವಾದ ರಾಟ್ ಐರನ್, ಅಂದರೆ ಬಡಿದು ಹದಗೊಳಿಸಿದ ಕಬ್ಬಿಣ, ಆರಿಸಿಕೊಂಡರು. 16 ಸ್ಪ್ಯಾನ್ (ಕಂಬದಿಂದ ಕಂಬಕ್ಕಿರುವ ಅಂಕಣ), 443 ಮೀಟರ್ ಉದ್ದ, ಸುಮಾರು 18 ಮೀಟರ್ ಎತ್ತರ. ಹಳಿ ಹೊರುವ ತೊಲೆಗಳಾದ ಗರ್ಡರುಗಳನ್ನು ಬಿದಿರ ತಟ್ಟಿಯಂತೆ ಅಡ್ಡಡ್ಡ ಪಟ್ಟಿಗಳಿಂದ ಹೆಣೆದಿದ್ದಾರೆ. ಬೇಕಾದಲ್ಲಿ ಬಲ ಉಂಟು, ಬೇಡದ ತೂಕವಿಲ್ಲ.

ಆ ಪಟ್ಟಿಗಳನ್ನು ಹಿಡಿದಿಟ್ಟಿರುವುದು ರಿವೆಟ್ಟು, ಅಂದರೆ ಎರಡೂ ತುದಿಗೆ ತಲೆಯಿರುವ ಲೋಹದ ಮೊಳೆ. ನಾವು ಅದನ್ನು ಪರೀಕ್ಷೆ ಮಾಡುವ ಕ್ರಮ ಹೇಳುತ್ತೇನೆ: ರಿವೆಟ್ಟಿನ ತಲೆಯೂ ತಗಡೂ ಸೇರುವಲ್ಲಿ ಒಂದು ಬದಿಗೆ ಬೆರಳು ಒತ್ತಿ ಹಿಡಿದು, ಇನ್ನೊಂದು ಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ಬಡಿಯಬೇಕು. ಸಡಿಲವಾಗಿದ್ದರೆ ಅದು ಅಲುಗಿದ್ದು ಬೆರಳಿಗೆ ತಿಳಿಯುತ್ತದೆ. ಕಣ್ಣಿಗೆ ಗಟ್ಟಿಯಾಗಿಯೇ ಕಾಣುವ ರಿವೆಟ್ಟು ಕೂಡ ಹೀಗೆ ಸಿಕ್ಕಿಬೀಳುತ್ತದೆ.

ಇನ್ನು ಗುಜರಿಯ ಮಾತು. 1968ರಲ್ಲಿ ಅಲ್ಲಿ ರೈಲು ನಿಂತಿತು. ಕೆಡವಲು ಹೊರಟರು ಕೂಡ. ಆದರೆ ರಾಟ್ ಐರನ್ ಒಳಗೆ ಕಿಟ್ಟದ (ಕಬ್ಬಿಣ ಕರಗಿಸುವಾಗ ಉಳಿಯುವ ಕಲ್ಮಶ) ಎಳೆಗಳಿರುತ್ತವೆ, ಉಕ್ಕನ್ನು ಕತ್ತರಿಸಿದಂತೆ ಗ್ಯಾಸ್ ಕಟರ್‌ನಲ್ಲಿ ಸಲೀಸಾಗಿ ಕತ್ತರಿಸಲು ಬಗ್ಗುವುದಿಲ್ಲ. ಒಂದೊಂದೇ ತುಂಡಾಗಿ ಬಿಚ್ಚಬೇಕು. ಗುಜರಿಯಿಂದ ಬರುವ ಹಣಕ್ಕಿಂತ ಕೆಡವುವ ಖರ್ಚೇ ಮೇಲಾಯಿತು. 1980ರ ಸಾರ್ವಜನಿಕ ವಿಚಾರಣೆಯ ನಂತರ ಕೆಡವಲು ಅನುಮತಿಯೂ ಸಿಗಲಿಲ್ಲ. ಕುಸಿಯುವ ನೆಲಕ್ಕೆಂದು ಆರಿಸಿದ ಕಬ್ಬಿಣವೇ ಕೊನೆಗೆ ಸೇತುವೆಯನ್ನು ಕಾಯಿತು ಎಂದು ನನ್ನ ಎಣಿಕೆ. ದುರಸ್ತಿಯಾಗಿ, 2022ರ ಜನವರಿಯಿಂದ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದಿದೆ. ಮಗಳಿಗೆ ಹೇಳಿ, ಇನ್ನೊಮ್ಮೆ ಹೋದಾಗ ಕೆಳಗಿಳಿದು ಕಂಬದ ಬುಡದಿಂದ ಮೇಲಕ್ಕೆ ನೋಡಲಿ, ಹೆಣಿಗೆಯ ಜಾಣ್ಮೆ ಅಲ್ಲಿಂದಲೇ ಚೆನ್ನಾಗಿ ತಿಳಿಯುವುದು.

ಆದರೆ ನಿಮ್ಮೂರ ಹುಡುಗರಿಗೆ ಒಂದು ಮಾತು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮೀಟರ್ ಗೇಜ್ 1996ರಲ್ಲಿ ನಿಂತಾಗ ಆ ಸೇತುವೆಗಳ ಮೇಲೆ ಜನ ಚಾರಣ ಮಾಡುತ್ತಿದ್ದರು. ಈಗ ಅದು ಬ್ರಾಡ್ ಗೇಜ್, ಹಗಲೂ ರಾತ್ರಿಯೂ ರೈಲು ಓಡುತ್ತದೆ. ಸೇತುವೆಯ ನಡುವೆ ಸಿಕ್ಕಿಕೊಂಡರೆ ಸರಿಯಲು ಜಾಗವಿರುವುದಿಲ್ಲ. ದಯವಿಟ್ಟು ಹತ್ತಬೇಡಿ, ರೈಲಿನ ಕಿಟಕಿಯಿಂದ ನೋಡಿ.