ದೋಸೆಯ ಅಂಚಿಗೆ ಏನು ಅರ್ಥ?

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ. ವಯಸ್ಸು 31. ಹಳೇ ಆಫೀಸಿನಲ್ಲಿ ಪಕ್ಕದ ಸೀಟಿನಲ್ಲಿದ್ದವಳು ಏಳು ವರ್ಷದಿಂದ ಗೆಳತಿ. ಆಷಾಢ ಕಳೆದ ಮೇಲೆ ಅವಳ ನಿಶ್ಚಿತಾರ್ಥ. ಸುದ್ದಿ ಕೇಳಿದಾಗಿನಿಂದ ಇವರಿಗೆ ನಿದ್ದೆಯಿಲ್ಲ. ‘ನಾನು ಸ್ನೇಹ ಅಂದುಕೊಂಡಿದ್ದು ಪ್ರೀತಿನಾ ಮೇಡಂ?’

ಸಂಪಾದಕರ ಉತ್ತರ:

ನೀವು ಕೊಟ್ಟ ಸಾಕ್ಷಿಯಿಂದಲೇ ಶುರು ಮಾಡೋಣ. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಕಾದು ಕಾದು ಒಳಗೆ ಹೋದರೆ, ಅವಳು ತನ್ನ ದೋಸೆಯ ಗರಿಗರಿ ಅಂಚನ್ನು ಮುರಿದು, ಮಾತಾಡುತ್ತಲೇ ನಿಮ್ಮ ತಟ್ಟೆಗೆ ಹಾಕುತ್ತಾಳೆ. ಇದಕ್ಕೇನು ಅರ್ಥ ಅಂತೀರಿ. ಆ ಹೋಟೆಲು ಶುರುವಾಗಿದ್ದು 1943ರಲ್ಲಿ, ಅಲ್ಲಿಂದ ಇಲ್ಲಿಯವರೆಗೆ ಯಾರು ಯಾರ ತಟ್ಟೆಗೆ ಎಷ್ಟು ಅಂಚು ಹಾಕಿರಬೇಡ! ನಾನೂ ಹಾಕುತ್ತೇನೆ, ನಮ್ಮ ಪುಟ ಕಟ್ಟುವ ಹುಡುಗನಿಗೆ. ನನಗೆ ಹಲ್ಲುನೋವು, ಅಷ್ಟೇ.

ಸುಮ್ನೆ ತಮಾಷೆಗೆ ಹೇಳಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧಕರು ಹುಡುಗ-ಹುಡುಗಿ ಸ್ನೇಹಿತರ 88 ಜೋಡಿಗಳನ್ನು ಬೇರೆ ಬೇರೆ ಕೂರಿಸಿ ಕೇಳಿದ್ದರು, 2012ರಲ್ಲಿ ಅದು ಪ್ರಕಟವಾಯಿತು. ಸೆಳೆತ ಹುಡುಗರಲ್ಲೇ ಜಾಸ್ತಿ. ಅವಳಿಗೂ ನನ್ನ ಮೇಲೆ ಮನಸ್ಸಿದೆ ಅಂತ ಇರುವುದಕ್ಕಿಂತ ಹೆಚ್ಚು ಲೆಕ್ಕ ಹಾಕಿಕೊಂಡಿದ್ದೂ ಅವರೇ. ಹಾಗಂತ ಆ ಸ್ನೇಹಗಳೇನೂ ಸುಳ್ಳಲ್ಲ, ಅಲ್ವಾ? ಒಂದಿಷ್ಟು ಸೆಳೆತ ಇಟ್ಟುಕೊಂಡೇ ಸ್ನೇಹ ನಡೆಯುತ್ತದೆ. ಇದನ್ನು ಮನೆಯವರಿಗೆ ಹೇಳುವುದು ಕಷ್ಟ. ಅದಕ್ಕೇ ನಿಮ್ಮ ಅಮ್ಮ ‘ಅವಳ ಕೈಲಿ ಒಂದು ರಾಖಿ ಕಟ್ಟಿಸಿಕೊಂಡುಬಿಡು’ ಅಂದಿದ್ದು. ಪಾಪ, ಅವರ ಹತ್ತಿರ ಇರುವುದು ಎರಡೇ ಡಬ್ಬಿ. ಒಂದು ಮಗಳದ್ದು, ಇನ್ನೊಂದು ಸೊಸೆಯದ್ದು.

ಇನ್ನು ನಿದ್ದೆ ಕೆಟ್ಟಿದ್ದು. ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಪ್ರಕಾರ ಒಬ್ಬರಿಗೆ ತೀರಾ ಹತ್ತಿರದವರು ಅಂತ ಇರುವುದು ಸುಮಾರು ಐದು ಜನ. ಹೊಸದಾಗಿ ಪ್ರೀತಿಯಲ್ಲಿ ಬಿದ್ದರೆ ಅದರಲ್ಲಿ ಇಬ್ಬರು ಹೊರಗೆ ಜಾರುತ್ತಾರೆ ಅಂತ ಅವರು 2010ರಲ್ಲಿ ಹೇಳಿದ್ದರು. ಆ ಇಬ್ಬರಲ್ಲಿ ನಾನೂ ಒಬ್ಬನಾ ಅನ್ನೋ ಭಯಕ್ಕೂ ಹೊಟ್ಟೆಯಲ್ಲಿ ಹೀಗೇ ಸಂಕಟ ಆಗುತ್ತದೆ ಕಣ್ರೀ. ಲವ್ ಮುರಿದರೆ ಸಮಾಧಾನ ಹೇಳಲು ನಾಲ್ಕು ಜನ ಬರುತ್ತಾರೆ, ಗೆಳತಿಗೆ ಮದುವೆ ಗೊತ್ತಾಯಿತು ಅಂತ ಅತ್ತರೆ ಯಾರು ಬರುತ್ತಾರೆ?

ಹೀಗೆ ಅಂದುಕೊಳ್ಳಿ. ಮದುವೆಯಾಗಿ ಅವಳು ನಿಮ್ಮ ಪಕ್ಕದ ಬೀದಿಗೇ ಬಂದಳು, ಭಾನುವಾರದ ದೋಸೆ ನಿಲ್ಲಲಿಲ್ಲ, ಜೊತೆಗೆ ಗಂಡನೂ ಬರುತ್ತಾನೆ. ಮನಸ್ಸು ಹಗುರ ಆಯಿತಾ? ಹಾಗಾದರೆ ನಿಮಗೆ ಬೇಕಿದ್ದದ್ದು ಆ ಭಾನುವಾರ. ಮೂರನೇ ತಟ್ಟೆ ನೆನೆಸಿಕೊಂಡೇ ಮೈ ಉರಿಯಿತಾ? ಹಾಗಿದ್ದರೆ ಆಷಾಢ ಮುಗಿಯುವುದರೊಳಗೆ ಎದುರು ಕೂತು ಒಂದೇ ಒಂದು ಸಲ ಹೇಳಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಬೇಡ. ಅವಳು ಇಲ್ಲ ಅಂದರೆ ಮತ್ತೆ ಆ ಮಾತು ಎತ್ತಬೇಡಿ.

ನಿಮ್ಮ ಪತ್ರ ನಾಲ್ಕು ಪುಟ ಇದೆ, ಎರಡು ಸಲ ಓದಿದೆ. ದೋಸೆ ಇದೆ, ಮೆಟ್ರೋ ಇದೆ, ಅಮ್ಮನ ರಾಖಿ ಇದೆ. ಆ ಹುಡುಗ ಅವಳಿಗೆ ಇಷ್ಟಾನಾ ಅನ್ನೋದು ಮಾತ್ರ ಎಲ್ಲೂ ಇಲ್ಲ. ಕೇಳಿದ್ದೀರಾ?