ದೇವಸ್ಥಾನಗಳನ್ನು ಸರ್ಕಾರದಿಂದ ಬಿಡಿಸಿದರೆ ಅವು ಯಾರ ಕೈಗೆ ಹೋಗಬೇಕು?

ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಬೇಕೆನ್ನುವ ನಮ್ಮಂಥ ಸಂಪ್ರದಾಯವಾದಿಗಳು, ಬಿಡಿಸಿದ ಮೇಲೆ ಅವು ಊರಿನ ಬಲಾಢ್ಯರ ಪಾಲಾಗುವುದಿಲ್ಲವೇ ಎಂಬುದಕ್ಕೆ ಏನು ಹೇಳುತ್ತೇವೆ ಎಂದು ತಾವು ಕೇಳಿದ್ದೀರಿ. ರಾಜಕೀಯ ಮತ್ತು ಧರ್ಮದ ವಿಚಾರಗಳನ್ನು ಬಲಪಂಥದ ನಿಲುವಿನಿಂದಲೇ ಬರೆಯುತ್ತ ಬಂದಿರುವ ನನಗೂ ಈ ಆತಂಕವಿದೆ. ಆದರೂ ಬಿಡಿಸಬೇಕೆಂದೇ ಹೇಳುತ್ತೇನೆ.

ಇದು ಕೇವಲ ಭಾವನೆಯ ಮಾತಲ್ಲ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲೇ ಸುಪ್ರೀಂ ಕೋರ್ಟು, ಧಾರ್ಮಿಕ ಪಂಗಡವೊಂದರ ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದೇ ಹೊರತು ಆಡಳಿತದ ಹಕ್ಕನ್ನೇ ಕಿತ್ತು ಬೇರೊಬ್ಬರಿಗೆ ಒಪ್ಪಿಸುವಂತಿಲ್ಲ ಎಂದು ತೀರ್ಪಿತ್ತಿತು. ದೇವಸ್ಥಾನಗಳ ಆಡಳಿತವನ್ನು ಸರ್ಕಾರದ ಹಿಡಿತದಲ್ಲಿಡುವ ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಯನ್ನು 2006ರಲ್ಲಿ ಹೈಕೋರ್ಟು ರದ್ದುಪಡಿಸಿತ್ತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದಾಗಿ ಅದು ಜಾರಿಯಲ್ಲಿ ಉಳಿಯಿತು. ಮಠಗಳಿಗೂ ಅವುಗಳಿಗೆ ಸೇರಿದ ದೇವಸ್ಥಾನಗಳಿಗೂ ಅನ್ವಯಿಸದ ಕಾಯ್ದೆ, ಮಠದ ಬೆಂಬಲವಿಲ್ಲದ ಊರ ದೇವರಿಗೆ ಮಾತ್ರ ಏಕೆ ಅನ್ವಯಿಸಬೇಕೆಂಬುದಕ್ಕೆ ಒಪ್ಪುವಂಥ ಉತ್ತರ ನನಗೆ ಇದುವರೆಗೆ ಸಿಕ್ಕಿಲ್ಲ.

ಇನ್ನು ಬಲಾಢ್ಯರ ಪ್ರಶ್ನೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ 1957ರಲ್ಲಿ ನ್ಯಾಯಾಲಯ, ಪಂಗಡದ ಹಕ್ಕಿಗಿಂತ ಎಲ್ಲ ಹಿಂದೂಗಳ ಪ್ರವೇಶದ ಹಕ್ಕು ದೊಡ್ಡದೆಂದು ಹೇಳಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಸ್ವಾಯತ್ತತೆಯ ಹೆಸರಿನಲ್ಲಿ ಯಾವುದೇ ಜಾತಿಯವರನ್ನು ಹೊಸ್ತಿಲಾಚೆ ನಿಲ್ಲಿಸುವುದಾದರೆ ಅಂಥ ಸ್ವಾಯತ್ತತೆ ನನಗೆ ಬೇಡ. ಈಗಿನ ಕಾಯ್ದೆಯ ಪ್ರಕಾರ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಪ್ರಧಾನ ಅರ್ಚಕರು, ಇಬ್ಬರು ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಬೇಕು. ಈ ನಿಯಮ ಉಳಿಯಲಿ. ಸದಸ್ಯರನ್ನು ಆರಿಸುವ ಅಧಿಕಾರ ಮಾತ್ರ ಊರಿನ ಭಕ್ತರಿಗೆ ಬರಲಿ, ಏಕೆಂದರೆ ಇಂದು ಸಮಿತಿಯ ಪಟ್ಟಿ ಸಿದ್ಧವಾಗುವುದು ಹೆಚ್ಚಾಗಿ ಶಾಸಕರ ಮನೆಯ ಜಗಲಿಯಲ್ಲಿ.

ಹಣದ ವಿಷಯದಲ್ಲಿ ನಾನು ಸರ್ಕಾರವನ್ನು ಪೂರ್ತಿ ಹೊರಗಿಡುವವನಲ್ಲ. ನಮ್ಮ ತಾಲ್ಲೂಕಿನ ದೇವಸ್ಥಾನದಲ್ಲಿ ಹುಂಡಿ ತೆರೆಯುವ ದಿನ ತಾಲ್ಲೂಕು ಕಚೇರಿಯವರು, ಸಮಿತಿಯವರು, ಬ್ಯಾಂಕಿನವರು ಪ್ರಾಂಗಣದಲ್ಲಿ ಜಮಖಾನ ಹಾಸಿ ಕುಳಿತು, ಮಡಿಸಿದ ನೋಟುಗಳನ್ನು ಬಿಡಿಸಿ, ಚಿಲ್ಲರೆಯನ್ನು ವಿಂಗಡಿಸಿ, ಎಲ್ಲರೆದುರು ಎಣಿಸಿ ಮಹಜರಿಗೆ ಸಹಿ ಹಾಕುತ್ತಾರೆ. ಇಂಥ ಸಾಕ್ಷಿಯೂ ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯೂ ಇರಲೇಬೇಕು. ಲೆಕ್ಕ ಕೇಳುವವರು ಯಜಮಾನರಾಗಬೇಕಿಲ್ಲ.

ನಮ್ಮ ಕಡೆಯವರಿಗೂ ಎರಡು ಮಾತು ಹೇಳಬೇಕು. ವರಮಾನ ಒಂದು ಕೋಟಿ ಮೀರಿದ ದೇವಾಲಯಗಳಿಂದ ಬಡ ದೇವಸ್ಥಾನಗಳ ನೆರವಿಗಿರುವ ಸಾಮಾನ್ಯ ಸಂಗ್ರಹ ನಿಧಿಗೆ ಶೇಕಡಾ 10ರಷ್ಟು ಪಡೆಯುವ 2024ರ ಮಸೂದೆಯನ್ನು ನಾನೂ ವಿರೋಧಿಸಿದೆ. ಆದರೆ ಆ ಹಣ ಅನ್ಯಧರ್ಮೀಯರಿಗೆ ಹೋಗುತ್ತದೆಂಬ ಪ್ರಚಾರವನ್ನು ಕಾಯ್ದೆಯ ಪಠ್ಯ ಸಮರ್ಥಿಸುವುದಿಲ್ಲ. ಸುಳ್ಳನ್ನು ನೆಚ್ಚಿಕೊಂಡು ದೇವರ ಪರ ವಾದಿಸುವುದು ಅಧರ್ಮ. ಅಲ್ಲದೆ 2021ರ ಡಿಸೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ದೇವಾಲಯಗಳನ್ನು ಮುಕ್ತಗೊಳಿಸುವ ಕಾನೂನು ತರುವುದಾಗಿ ಘೋಷಿಸಿದರು. 2023ರ ಚುನಾವಣೆಯಲ್ಲಿ ಅಧಿಕಾರ ಹೋಗುವವರೆಗೂ ಆ ಕಾನೂನು ಬರಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಕೊನೆಯದಾಗಿ ತಸ್ತೀಕಿನ, ಅಂದರೆ ಪೂಜಾ ವೆಚ್ಚಕ್ಕೆಂದು ಸರ್ಕಾರ ದೇವಸ್ಥಾನಗಳಿಗೆ ವರ್ಷವೂ ಕೊಡುವ ಹಣದ ವಿಚಾರ. 1955ರ ಇನಾಂ ರದ್ದತಿ ಕಾಯ್ದೆಯಿಂದ ಹಳೇ ಮೈಸೂರಿನ ದೇವಸ್ಥಾನಗಳು ಜಮೀನು ಕಳೆದುಕೊಂಡವು. ಗೇಣಿದಾರರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ದೀಪದ ಎಣ್ಣೆಗೂ ನೈವೇದ್ಯದ ಅಕ್ಕಿಗೂ ಇದ್ದ ಆಧಾರ ಅಲ್ಲಿಗೆ ತಪ್ಪಿತು. ಹೀಗಾಗಿ ವರಮಾನ ಕಡಿಮೆಯಿರುವ ‘ಸಿ’ ದರ್ಜೆಯ ದೇವಸ್ಥಾನಗಳಿಗೆ ಸರ್ಕಾರ ಕೊಡುವ ತಸ್ತೀಕು ದಾನವಲ್ಲ, ತೀರಿಸಬೇಕಾದ ಋಣ. ನಾಳೆ ದೇವಸ್ಥಾನಗಳು ಸ್ವತಂತ್ರವಾದರೂ ಅದು ನಿಲ್ಲಬಾರದು, ಮತ್ತು ಮುಕ್ತಿಯ ಮಸೂದೆ ಬರೆಯುವವರು ಈ ಕಲಮನ್ನು ಮೊದಲು ಸೇರಿಸಬೇಕು.